ಮನೆತನದ ನಾಲಿಗೆ

“ಜಗಿಯೇ, ಮುಂಡೇದೆ. ಬಾಯಲ್ಲಿಟ್ಕೊಂಡು ನಿದ್ದೆ ಮಾಡ್ತಿದೀಯಾ?”

ಯಜಮಾನ ಹದಿನೇಳನೇ ಸಾಲಿನ ತುದಿಯಲ್ಲಿ ಕೊಡೆ ಹಿಡಿದು ನಿಂತಿದ್ದ. ಅವನಿಂದ ಮೂರು ಮಾರು ದೂರದಲ್ಲಿ, ನಾನು ಅಕ್ಕ ಎಂದು ಕರೆಯುವ ನನ್ನ ವಾರಗಿತ್ತಿ ಬಿಸಿಲಿಗೆ ನಿಂತು ಕಪ್ಪು ದ್ರಾಕ್ಷಿಯ ಬೀಜ ಜಗಿಯುತ್ತಿದ್ದಳು. ನಾನು ತುಂಬಿದ ಬುಟ್ಟಿ ಹೊತ್ತುಕೊಂಡು ಅವನ ಬೆನ್ನ ಹಿಂದೆ ಕಾಯುತ್ತಿದ್ದೆ. ದಾರಿಗೆ ಅಡ್ಡ ನಿಂತವನು ಅವನೇ, ಅವನಿಗೆ ಪಕ್ಕಕ್ಕೆ ಸರಿಯಿರಿ ಎನ್ನುವ ಎದೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಬೀಜವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸುವಾಗ ಅಕ್ಕ ಕಣ್ಣು ಮುಚ್ಚಿದಳು. ರುಚಿ ನೋಡುವವರು ಹಾಗೆ ಕಣ್ಣು ಮುಚ್ಚುತ್ತಾರೆ ಎಂದು ಅವನು ತಿಳಿದಿದ್ದ. ನೋವಿಗೆ ಮುಚ್ಚಿದಳು ಎಂದು ನನಗೆ ಗೊತ್ತಿತ್ತು.

ಬೀಜ ಕಂದುಬಣ್ಣಕ್ಕೆ ತಿರುಗಿ ಹಲ್ಲಿಗೆ ಕಟಕ್ಕನೆ ಒಡೆಯಬೇಕು, ಸಿಪ್ಪೆಯಲ್ಲಿ ಹಸಿ ಒಗರು ಉಳಿದಿರಬಾರದು. ಆಗ ಆ ಸಾಲು ಕೊಯ್ಲಿಗೆ ಬಂದಿದೆ ಎಂದರ್ಥ. ಎರಡು ದಿನ ಮುಂಚೆ ಕೊಯ್ದರೆ ವೈನು ಹಸಿ ಸೊಪ್ಪಿನ ನೀರು, ನಾಲ್ಕು ದಿನ ತಡವಾದರೆ ಸಕ್ಕರೆ ಪಾಕ. ಇದನ್ನು ಹೇಳುವ ಯಂತ್ರಗಳೂ ಇವೆಯಂತೆ. ಈ ತೋಟದಲ್ಲಿ ಯಂತ್ರ ಇಡುವಂತಿಲ್ಲ, ಇಟ್ಟರೆ ಮನೆತನದ ಮರ್ಯಾದೆ ಹೋಗುತ್ತದೆ.

ಅಕ್ಕ ಉಗಿದಳು. ಸಿಪ್ಪೆಯ ಜೊತೆ ರಕ್ತವೂ ಬಿತ್ತು. ಕಪ್ಪು ದ್ರಾಕ್ಷಿಯ ಉಗುಳೂ ಕೆಂಪೇ ಆದ್ದರಿಂದ ಅವನಿಗೆ ವ್ಯತ್ಯಾಸ ಕಾಣಲಿಲ್ಲ. ನಾಳಿದ್ದು ಎಂದಳು. ಅಷ್ಟು ಹೇಳುವುದಕ್ಕೇ ಅವಳ ನಾಲಿಗೆ ತೊಡರಿತು.

ಯಜಮಾನ ಕೆಳಗಿನ ಸಾಲುಗಳಲ್ಲಿದ್ದ ಮೇಸ್ತ್ರಿಯ ಕಡೆ ತಿರುಗಿ, ನಾಳಿದ್ದು ಈ ಇಳಿಜಾರು ಕೊಯ್ಯಿರಿ, ನನ್ನ ಮೂಗಿಗೆ ಬಂದಿದೆ ಎಂದು ಕೂಗಿ ಹೇಳಿದ. ಹೋಗುವಾಗ ಅವನ ಮೊಣಕೈ ತಗುಲಿ ನನ್ನ ಬುಟ್ಟಿಯಿಂದ ಎರಡು ಗೊಂಚಲು ಉದುರಿದವು. ಅದಕ್ಕೂ ನನಗೇ ಬೈದ.

ಈ ಸೀಮೆಯಲ್ಲಿ ಗುಡ್ಡಕ್ಕೊಂದು ದ್ರಾಕ್ಷಿತೋಟ, ತೋಟಕ್ಕೊಂದು ಮನೆತನ. ಒಬ್ಬರಿಗೆ ಮುತ್ತಜ್ಜ ಅಗೆಸಿದ ನೆಲಮಾಳಿಗೆಯ ಹೆಮ್ಮೆ, ಪಕ್ಕದವರಿಗೆ ಮಣ್ಣಿನ ಬಣ್ಣದ ಹೆಮ್ಮೆ. ನಮ್ಮ ಯಜಮಾನರ ಹೆಮ್ಮೆ ನಾಲಿಗೆ. ಬಾಟಲಿಯ ಚೀಟಿಯ ಮೇಲೆ ‘ನಾಲ್ಕು ತಲೆಮಾರಿನ ನಾಲಿಗೆ’ ಎಂದು ಬಂಗಾರದ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಅದೇ ಮಾತು ಗೇಟಿನ ಮೇಲೂ ಇದೆ. ವಾರದ ಕೊನೆಗೆ ಬಸ್ಸುಗಳಲ್ಲಿ ಬರುವ ಜನ ಆ ಗೇಟಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಹೊತ್ತಿಗೆ ನಾವು ಹಿಂದಿನ ಇಳಿಜಾರಿಗೆ ಹೋಗಿಬಿಡಬೇಕು, ಫೋಟೋದಲ್ಲಿ ನಮ್ಮ ತಲೆ ಬೀಳಬಾರದು.

ಆ ನಾಲಿಗೆ ಸತ್ತು ಎರಡು ವರ್ಷವಾಗಿತ್ತು. ಒಂದು ಜ್ವರ ಬಂದು ಯಜಮಾನನ ಮೂಗು, ಬಾಯಿ ಎರಡನ್ನೂ ಗುಡಿಸಿಕೊಂಡು ಹೋಗಿತ್ತು. ಸೀಮೆಎಣ್ಣೆ ಕುಡಿಸಿದರೂ ಚೆನ್ನಾಗಿದೆ ಎನ್ನುತ್ತಿದ್ದನೋ ಏನೋ. ಇದು ಅವನಿಗೆ, ಅವನ ತಾಯಿಗೆ, ನಮ್ಮಕ್ಕನಿಗೆ ಮಾತ್ರ ಗೊತ್ತಿದ್ದ ಗುಟ್ಟು. ಅಕ್ಕನ ಖೋಲಿಗೂ ನಮ್ಮ ಖೋಲಿಗೂ ನಡುವೆ ಒಂದೇ ಇಟ್ಟಿಗೆಯ ಗೋಡೆ, ಹಾಗಾಗಿ ನನಗೂ ನನ್ನ ಗಂಡನಿಗೂ ಗೊತ್ತಾಯಿತು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ. ಕಡಲೆಯಿದ್ದವನು ಇಲ್ಲಿ ನಮ್ಮ ಹಲ್ಲನ್ನೇ ಬಾಡಿಗೆಗೆ ಹಿಡಿದ. ಅಕ್ಕ ಕಣ್ಣು ಕಟ್ಟಿಸಿಕೊಂಡು ಹಣ್ಣು ಬಾಯಿಗೆ ಹಾಕಿಕೊಂಡರೂ ಯಾವ ಇಳಿಜಾರಿನದು, ಯಾವ ಸಾಲಿನದು ಎಂದು ಹೇಳುತ್ತಿದ್ದಳು. ಸತ್ತ ದೊಡ್ಡ ಯಜಮಾನನೂ ಕೊಯ್ಲಿಗೆ ಮುಂಚೆ ಅವಳ ಮುಖ ನೋಡುತ್ತಿದ್ದ. ಮಗನಿಗೆ ಜ್ವರ ಬಿಟ್ಟ ತಿಂಗಳೇ ಅವಳಿಗೆ ನೆಲಮಾಳಿಗೆಗೆ ಕರೆ ಬಂತು. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಮೊದಲು ಖಾರ ಬಿಡಿಸಿದರು. ಆಮೇಲೆ ಈರುಳ್ಳಿ, ಬೆಳ್ಳುಳ್ಳಿ, ಹೊಗೆಸೊಪ್ಪು, ಬಿಸಿ ಚಹಾ. ಅಕ್ಕನ ಒಲೆಯ ಮೇಲೆ ಎರಡು ವರ್ಷ ಬರೀ ಉಪ್ಪಿಲ್ಲದ ಗಂಜಿ. ನಾನು ಮೆಣಸಿನಕಾಯಿ ಹುರಿದ ಘಾಟು ಗೋಡೆ ದಾಟಿದರೆ, ಹೊಟ್ಟೆ ಉರಿಸ್ಬೇಡ್ವೇ ಲೌಡಿ ಎಂದು ಆ ಕಡೆಯಿಂದ ಗೋಡೆ ಗುದ್ದುತ್ತಿದ್ದಳು. ನಾವು ಅಮ್ಮಾವ್ರು ಅನ್ನಬೇಕಾದ ಯಜಮಾನನ ತಾಯಿ ಪ್ರತಿ ಬೆಳಿಗ್ಗೆ ಹಿತ್ತಿಲ ಬಾಗಿಲಲ್ಲಿ ಅವಳನ್ನು ನಿಲ್ಲಿಸಿ, ಊದು ಎನ್ನುತ್ತಿದ್ದಳು. ಈರುಳ್ಳಿ ತಿಂದಿದ್ದಾಳೋ ಇಲ್ಲವೋ ಮೂಸಿ ನೋಡುವುದು. ಎತ್ತು ಕೊಳ್ಳುವವರು ಹಲ್ಲು ಎಣಿಸಿ ಸುಮ್ಮನಾಗುತ್ತಾರೆ. ಇವರು ಬಾಯೊಳಗೆ ಮೂಗನ್ನೇ ಇಡುತ್ತಿದ್ದರು.

ರುಚಿ ನೋಡಲು ಅವಳಿಗೆ ಗಾಜಿನ ಲೋಟ ಕೊಡಲಿಲ್ಲ. ಅವಳ ಎಂಜಲು ತಾಗಿದ ಲೋಟದಲ್ಲಿ ಅತಿಥಿಗಳು ಹೇಗೆ ಕುಡಿಯುತ್ತಾರೆ? ಆ ಮುದುಕಿಯೇ ಔಷಧಿ ಕ್ಯಾನಿನ ನೀಲಿ ಮುಚ್ಚಳ ತಂದುಕೊಟ್ಟಳು. ಬಳ್ಳಿಗೆ ಹೊಡೆಯುವ ಔಷಧಿಯನ್ನು ಆ ಮುಚ್ಚಳದಲ್ಲೇ ಅಳೆದು ನೀರಿಗೆ ಹಾಕುವುದು. ತೊಳೆದಿದೀನಿ, ಗುಟುಕಿಗೆ ಅಳತೆ ಸರಿಯಾಗಿದೆ ಎಂದಳಂತೆ. ಅಕ್ಕ ಆ ಮುಚ್ಚಳದಲ್ಲಿ ಎಲ್ಲ ಪೀಪಾಯಿಗಳ ರುಚಿ ನೋಡಿದಳು. ಒಂದೊಂದು ಗುಟುಕನ್ನೂ ಅವರ ಎದುರಿಗೇ ಉಗಿದು ತೋರಿಸಬೇಕು, ನುಂಗಿದರೆ ಕಳ್ಳತನ.

ಅಕ್ಕನ ಗಂಡ ಇಲ್ಲ, ಹಾಗಾಗಿ ಇದಕ್ಕೆ ಬದಲಾಗಿ ಅವಳ ಮೈದುನ, ನನ್ನ ಗಂಡನಿಗೆ ಟ್ರ್ಯಾಕ್ಟರ್ ಕೊಟ್ಟರು. ಅವನಿಗೆ ಬುಟ್ಟಿ ಹೊರುವುದು ತಪ್ಪಿತು. ನಾಲಿಗೆ ಒಳ್ಳೆಯದಾದರೆ ನಾಡೆಲ್ಲ ಒಳ್ಳೆಯದು ಎಂದು ಅತ್ತಿಗೆಯನ್ನು ನೋಡಿ ಹಲ್ಲು ಕಿರಿಯುತ್ತಿದ್ದ. ನಾನೂ ಜೊತೆಗೆ ನಗುತ್ತಿದ್ದೆ. ಆ ನಗು ನೆನೆದರೆ ಈಗ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ.

ಈ ವರ್ಷ ಬಳ್ಳಿ ಚಿಗುರುವಾಗ ಅಕ್ಕನ ನಾಲಿಗೆಯ ಎಡ ಅಂಚಿನಲ್ಲಿ ಒಂದು ಬಿಳಿ ಕಲೆ ಕಂಡಿತು. ಕಾಯಿ ಕಟ್ಟುವಾಗ ಅದು ಗಂಟಾಯಿತು. ಕಾಯಿ ಬಣ್ಣ ತಿರುಗುವಾಗ ಹುಣ್ಣಾಗಿ ಒಡೆಯಿತು. ತಿಂಗಳಿಗೊಮ್ಮೆ ಬರುವ ಡಾಕ್ಟರಮ್ಮ ನಮ್ಮೆಲ್ಲರ ಜೊತೆ ಹರಟೆ ಹೊಡೆಯುತ್ತ ಅಕ್ಕನ ಬಾಯಿಗೆ ಟಾರ್ಚು ಬಿಟ್ಟವಳು, ಎರಡೆರಡು ಸಲ ನೋಡಿದಳು. ಒಂದು ಚೀಟಿ ಬರೆದಳು. ಈ ವಾರವೇ ದೊಡ್ಡಾಸ್ಪತ್ರೆಗೆ ಹೋಗಬೇಕು, ಚೂರು ಕತ್ತರಿಸಿ ಪರೀಕ್ಷೆ ಮಾಡಬೇಕು. ಈಗ ಹೋದರೆ ಅಂಚು ಮಾತ್ರ ಹೋಗಬಹುದು, ತಡಮಾಡಿದರೆ ಇಡೀ ನಾಲಿಗೆ, ಇನ್ನೂ ತಡಮಾಡಿದರೆ ನಾಲಿಗೆಯ ಮಾತೇ ಬೇಡ ಎಂದಳು. ದೊಡ್ಡಾಸ್ಪತ್ರೆಯಲ್ಲಿ ನಮ್ಮಂಥವರನ್ನು ಸೇರಿಸಿಕೊಳ್ಳಲು ತೋಟದ ಆಳು ಎಂಬ ಕಾರ್ಡು ಬೇಕು. ಕಾರ್ಡುಗಳೆಲ್ಲ ಮುದುಕಿಯ ಬೀರುವಿನಲ್ಲಿ. ನಾವು ಕಳೆದುಹಾಕುತ್ತೇವೆ ಎಂದು ತೆಗೆದಿಟ್ಟುಕೊಂಡಿದ್ದಳು.

ಚೀಟಿ ಹಿಡಿದು ಹಿತ್ತಿಲ ಬಾಗಿಲಿಗೆ ಹೋದೆವು. ಮುದುಕಿ ಮೂಗಿಗೆ ಬಟ್ಟೆ ಒತ್ತಿಕೊಂಡು, ಮೋರಿ ಹತ್ತಿರ ನಿಲ್ಲಿ, ಗಬ್ಬು ನಾತ ಮನೆಯೊಳಗೆ ಬರುತ್ತದೆ ಎಂದಳು. ಒಳಗೆ ಊಟದ ಮೇಜಿನ ಮುಂದೆ ಯಜಮಾನ ಮಾಂಸದ ಚೂರು ಕತ್ತರಿಸಿಕೊಂಡು ತಿನ್ನುತ್ತಿದ್ದ. ರುಚಿ ಗೊತ್ತಾಗದವನು ಅಷ್ಟು ತಿನ್ನುವುದನ್ನು ನೋಡಿದರೆ ವಾಕರಿಕೆ ಬರುತ್ತಿತ್ತು. ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು ಓದಿದ.

“ಬಾಯಿ ಹುಣ್ಣಿಗೆ ದೊಡ್ಡಾಸ್ಪತ್ರೆ. ನಾಳೆ ಕಾಲು ಉಳುಕಿದ್ರೆ ವಿಮಾನ ಕೇಳ್ತೀರಾ.”

“ನಾಲಿಗೆ ಹೋಗತ್ತೆ ಅಂದ್ರು ಧಣಿ,” ಎಂದಳು ಅಕ್ಕ.

“ಅಲ್ಲಿಗೆ ಹೋದ್ರೆ ಇವತ್ತೇ ಹೋಗತ್ತೆ. ಕತ್ತರಿಸೋದು ಬಿಟ್ಟು ಅವರಿಗೇನು ಬರತ್ತೆ? ನಾಲಿಗೆ ಇಲ್ದಿರೋ ನಿನ್ನ ಕಟ್ಕೊಂಡು ನಾನೇನು ಮಾಡ್ಲಿ, ತಿಕ ಒರೆಸ್ಕೊಳ್ಲಾ? ಕೊಯ್ಲು ಮುಗೀಲಿ. ಕೊಳ್ಳೋರು ಬಂದು ಪೀಪಾಯಿ ನೋಡ್ಕೊಂಡು ಹೋಗ್ಲಿ. ಮಾರನೇ ದಿನ ನನ್ನ ಕಾರಲ್ಲೇ ಕರ್ಕೊಂಡು ಹೋಗ್ತೀನಿ. ಮಾತು ಕೊಟ್ಟಿದೀನಿ, ಹೋಗು.”

ಆ ಮಾತಿಗೆ ಅಕ್ಕ ಕೈ ಮುಗಿದಳು. ಅವಳು ಮುಗಿದದ್ದು ನೋಡಿ ನಾನೂ ಮುಗಿದೆ. ನಾವು ನಿಂತ ಕಲ್ಲಿನ ಮೇಲಿಂದ ಕೆಳಗಿಳಿಯುವ ಮೊದಲೇ ಮುದುಕಿ ನೀರು ಸುರಿದು ತೊಳೆಯತೊಡಗಿದಳು, ಇಬ್ಬರ ಪಾದಗಳೂ ತೊಯ್ದವು. ಮನೆಗೆ ಬಂದು ಹೇಳಿದರೆ ನನ್ನ ಗಂಡ, ದೊಡ್ಡವರು ಮಾತು ಕೊಟ್ಟಿದ್ದಾರಲ್ಲ, ಇನ್ನೇನು ಎಂದ. ಟ್ರ್ಯಾಕ್ಟರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಹೇಳಿದ.

ಆರು ವಾರ ಕಾಯಬೇಕಿತ್ತು. ಸುಮ್ಮನೆ ಕಾದಿದ್ದರೂ ಆಗುತ್ತಿತ್ತು, ನಾನು ಸುಮ್ಮನಿರಲಿಲ್ಲ. ದ್ರಾಕ್ಷಿ ಎಲೆಗೆ ಬಿಳಿ ಬೂಜು ಹಿಡಿದರೆ ನಾವು ಮೈಲುತುತ್ತ ಹೊಡೆಯುತ್ತೇವೆ. ಮೂರು ದಿನಕ್ಕೆ ಬೂಜು ಒಣಗಿ ಉದುರುತ್ತದೆ. ಇಪ್ಪತ್ತು ವರ್ಷ ಅದನ್ನೇ ನೋಡಿದ ಕಣ್ಣಿಗೆ ಅಕ್ಕನ ನಾಲಿಗೆಯ ಬಿಳಿಯೂ ಎಲೆಯ ಬೂಜಿನ ಹಾಗೇ ಕಂಡಿತು. ಬಳ್ಳಿ ಸಾಲಿನಲ್ಲಿ ಸವೆದ ತಲೆಗೆ ಬಿಟ್ಟರೆ ಇಂಥ ಬುದ್ಧಿ ಬೇರೆ ಯಾರಿಗೂ ಹೊಳೆಯುವುದಿಲ್ಲ. ಸುಣ್ಣದ ತಿಳಿಯಲ್ಲಿ ಚಿಟಿಕೆ ಮೈಲುತುತ್ತದ ನೀಲಿ ಹರಳು ಕಲಸಿದವಳು ನಾನು. ಕಡ್ಡಿಗೆ ಹತ್ತಿ ಸುತ್ತಿ ಹಚ್ಚಿದವಳೂ ನಾನೇ. ಅಕ್ಕ ನನ್ನ ಮಣಿಕಟ್ಟು ಹಿಡಿದು ತಡೆದುಕೊಂಡಳು, ಅವಳ ಉಗುರು ಇಳಿದ ಗುರುತು ಈಗಲೂ ನನ್ನ ಕೈಮೇಲಿದೆ. ಉರಿದರೆ ಕೆಲಸ ಮಾಡುತ್ತಿದೆ ಎಂದು ನಾನೇ ಧೈರ್ಯ ಹೇಳಿದೆ. ಮೂರು ದಿನ ಹಚ್ಚಿದೆ.

ನಾಲ್ಕನೇ ದಿನ ಅವಳ ನಾಲಿಗೆಯ ಮೇಲಿನ ಪೊರೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದು ಬಂತು. ಎರಡು ದಿನ ವಾಂತಿ ಮಾಡಿದಳು. ಆಮೇಲೆ ಗೋಡೆಗೆ ಒರಗಿ ಕೂತು, ನನ್ನ ಒಲೆಯ ಮೇಲಿನ ಮೆಣಸಿನಕಾಯಿ ತರಿಸಿಕೊಂಡು ನಾಲಿಗೆಯ ಮೇಲಿಟ್ಟುಕೊಂಡಳು. ಬಹಳ ಹೊತ್ತು ಹಾಗೇ ಇದ್ದಳು.

“ಸಪ್ಪೆ ಕಣೇ,” ಎಂದಳು. “ಎಲ್ಲಾ ಸಪ್ಪೆ. ಮೂಗಿಗೂ ನನ್ನ ಬಾಯಿ ನಾತ ಬಿಟ್ರೆ ಇನ್ನೇನೂ ಹತ್ತಲ್ಲ.”

ನಾನು ಹಣೆ ಚಚ್ಚಿಕೊಂಡು ಅತ್ತೆ. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು, ಬೈಯಲಿಲ್ಲ. ಆ ಬೋಳಿಮಗನಿಗೆ ಗೊತ್ತಾಗಬಾರದು, ಗೊತ್ತಾದರೆ ಕಾರೂ ಇಲ್ಲ ಕಾರ್ಡೂ ಇಲ್ಲ ಎಂದಳು, ಅಷ್ಟೇ.

ಅವತ್ತಿಂದ ಅವಳ ನಾಲಿಗೆ ನಾನಾದೆ. ಹದಿನೇಳನೇ ಸಾಲಿನಲ್ಲಿ ಅವಳು ನಾಳಿದ್ದು ಎಂದದ್ದೂ ನಾನು ಹೇಳಿಕೊಟ್ಟದ್ದೇ. ಕೊಯ್ಲು ಮುಗಿಯುವ ತನಕ ಬುಟ್ಟಿಯ ಮರೆಯಲ್ಲಿ ನಾನು ಮೊದಲು ಬೀಜ ಜಗಿದು ಇನ್ನೆಷ್ಟು ದಿನ ಎಂದು ಬೆರಳು ತೋರಿಸುವುದು, ಅವಳು ಯಜಮಾನನ ಮುಂದೆ ಜಗಿದ ಹಾಗೆ ಮಾಡಿ ಅದನ್ನೇ ಹೇಳುವುದು. ನನ್ನ ನಾಲಿಗೆ ಅವಳಷ್ಟು ಸೂಕ್ಷ್ಮವಲ್ಲ, ಆದರೂ ಕೆಟ್ಟದ್ದು ಗೊತ್ತಾಗುತ್ತಿತ್ತು. ಸತ್ತ ನಾಲಿಗೆಯ ಯಜಮಾನನಿಗೆ ಸತ್ತ ನಾಲಿಗೆಯ ಆಳು ರುಚಿ ಹೇಳುತ್ತಿದ್ದಳು. ಆ ರುಚಿ ಕೇಳಿಕೊಂಡು ಅವನು ಇಡೀ ಸೀಮೆಗೆ ಪಾಠ ಹೇಳುತ್ತಿದ್ದ. ನಗಬೇಕೆನಿಸಿದರೂ ನಗು ಬರುತ್ತಿರಲಿಲ್ಲ. ಹುಣ್ಣು ಬೆಳೆಯುತ್ತಿತ್ತು.

ಕೊಳ್ಳುವವರು ಬರುವ ದಿನ ಅಕ್ಕನಿಗೆ ಬೇರೆಯೇ ಕೆಲಸ. ಹೋದ ವರ್ಷದ ವೈನು ಪೀಪಾಯಿಗಳಲ್ಲಿ ಕೂತಿರುತ್ತದೆ. ಯಾವ ಪೀಪಾಯಿ ತೆರೆಯಬೇಕೆಂದು ಕೊಳ್ಳುವವರೇ ಬೆರಳು ತೋರಿಸುತ್ತಾರೆ. ಯಜಮಾನ ಮೊದಲು ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಮುಕ್ಕಳಿಸಿ, ಅಕ್ಕ ಹಿಡಿದ ಬಕೆಟ್ಟಿಗೆ ಉಗಿಯುತ್ತಾನೆ. ಅವನು ಉಗಿದದ್ದನ್ನು ಅಕ್ಕ ತಲೆ ಬಗ್ಗಿಸಿ ಮೂಸಬೇಕು. ಅವನ ಎಂಜಲಿನಿಂದ ವೈನಿನ ವಾಸನೆಯನ್ನು ಬೇರೆ ಮಾಡಿ ತಿಳಿಯಬೇಕು. ಚೆನ್ನಾಗಿದ್ದರೆ ಒರೆಸುವ ಬಟ್ಟೆಯನ್ನು ಬಲ ಹೆಗಲಿಗೆ ಹಾಕುವುದು, ಕೆಟ್ಟಿದ್ದರೆ ಎಡ ಹೆಗಲಿಗೆ. ಬಟ್ಟೆ ನೋಡಿಕೊಂಡು ಅವನು ಹೊಗಳುತ್ತಾನೆ, ಇಲ್ಲವೆ ಇದಿನ್ನೂ ಮಲಗಲಿ ಎಂದು ಮುಂದೆ ಹೋಗುತ್ತಾನೆ. ಈ ಸಲ ಜನ ಹೆಚ್ಚು ಎಂದು ಎರಡನೇ ಬಕೆಟ್ಟಿಗೆ ನನ್ನನ್ನು ಹಾಕಿದ್ದರು. ನಮಗೆ ಅನುಕೂಲವೇ ಆಯಿತು. ನಾನು ಅಕ್ಕನ ಬಕೆಟ್ಟನ್ನು ಮೂಸಿ, ನನ್ನ ಬಕೆಟ್ಟನ್ನು ಬಲ ಸೊಂಟಕ್ಕೋ ಎಡ ಸೊಂಟಕ್ಕೋ ಇಟ್ಟು ಅಕ್ಕನಿಗೆ ತಿಳಿಸುವುದೆಂದು ಮಾಡಿಕೊಂಡೆವು. ಇದೊಂದು ದಿನ ಕಳೆದರೆ ಮಾರನೇ ದಿನ ಆಸ್ಪತ್ರೆ.

ಆ ಬೆಳಿಗ್ಗೆ ನಾನು ಅಡುಗೆಮನೆಯ ಹಿಂದಿನ ತೊಟ್ಟಿಯಲ್ಲಿ ಗಾಜಿನ ಲೋಟಗಳನ್ನು ತೊಳೆಯುತ್ತಿದ್ದೆ. ಕಿಟಕಿ ತೆರೆದಿತ್ತು. ತಾಯಿ ಮಗ ಒಳಗೆ ಮಾತಾಡುತ್ತಿದ್ದರು. ಆಳುಗಳಿಗೆ ಕಿವಿ ಇರುವುದಿಲ್ಲ ಎಂಬುದು ಆ ಮನೆಯವರ ನಂಬಿಕೆ.

ಅವಳ ಬಾಯಿ ಹತ್ತಿರ ಹೋಗುವ ಹಾಗಿಲ್ಲ, ಹೆಣದ ನಾತ, ಇವತ್ತಿಗೆ ಅವಳದು ಮುಗಿಯಿತು ಎಂದಳು ಮುದುಕಿ. ಮಗ, ಕೊಟ್ಟ ಮಾತೇನು ಮಾಡಲಿ ಎಂದು ಕೇಳಿದ. ನಗುತ್ತಲೇ ಕೇಳಿದ.

“ಎಂಥಾ ಮಾತು? ಆಸ್ಪತ್ರೆಯೋರು ಬಾಯಿಗೆ ಏನು ಹಾಕ್ಕೊಳ್ತಿದ್ದೆ ಅಂತ ಕೇಳಲ್ವಾ? ಔಷಧಿ ಮುಚ್ಚಳದ ಕತೆ ಊರೆಲ್ಲ ಆಗಲ್ವಾ? ಆ ಚೀಟಿ ತಂದಳಲ್ಲ, ಅದರ ಮಾರನೇ ದಿನಾನೇ ಅವಳ ಹೆಸರು ಹೊಡೆಸಿ ಕಾರ್ಡ್ ವಾಪಸ್ ಕಳಿಸಿದೀನಿ. ಅವಳು ನಮ್ಮ ಆಳೇ ಅಲ್ಲ. ನಾಳೆ ಖೋಲಿ ಖಾಲಿ ಮಾಡ್ಸು.”

ಮುಂದೆ ರುಚಿಗೆ ಯಾರು ಎಂದ ಮಗ.

“ಅವಳ ವಾರಗಿತ್ತಿ ಇದಾಳಲ್ಲ, ಗುಂಡುಕಲ್ಲಿನ ಹಾಗೆ. ನಾಳೆಯಿಂದ ಅವಳಿಗೆ ಖಾರ ಬಿಡಿಸ್ತೀನಿ.”

ಕೈಯಲ್ಲಿದ್ದ ಲೋಟದೊಳಗೆ ನನ್ನ ಬೆರಳು ಸೋಪಿನ ನೊರೆಯಲ್ಲಿ ಸುಮ್ಮನೆ ಸುತ್ತುತ್ತಿತ್ತು. ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಹೇಸಿಗೆ. ಅವರ ಮೇಲೆ, ಅವರ ಲೋಟದ ಮೇಲೆ, ಕೈ ಮುಗಿದ ನನ್ನ ಕೈಯ ಮೇಲೆ. ತೊಟ್ಟಿಯ ಪಕ್ಕದಲ್ಲೇ ಹುಳಿ ಕಾರಿಕೊಂಡೆ. ಬಾಯಿ ತೊಳೆದುಕೊಂಡು ನೆಲಮಾಳಿಗೆಯ ಮೆಟ್ಟಿಲಿಗೆ ಹೋದೆ.

ಅಕ್ಕ ಮೆಟ್ಟಿಲ ಮೇಲೆ ಬಕೆಟ್ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕೆನ್ನೆ ಒಂದು ಕಡೆ ಊದಿತ್ತು. ನಾನು ಕೇಳಿದ್ದನ್ನೆಲ್ಲ ಹೇಳಿದೆ. ಅವಳು ಒಂದೇ ಪ್ರಶ್ನೆ ಕೇಳಿದಳು, ಹೆಸರು ಹೊಡೆಸಿದ್ದು ಯಾವತ್ತು ಎಂದು. ಚೀಟಿ ಕೊಟ್ಟ ಮಾರನೇ ದಿನ ಎಂದೆ. ಆರು ವಾರ ಎಂದು ಅವಳು ಬೆರಳು ಮಡಿಸಿ ಎಣಿಸಿದಳು. ಹೊರಗೆ ಕಾರುಗಳ ಬಾಗಿಲು ಹಾಕುವ ಸದ್ದು ಕೇಳಿಸಿತು, ಇಬ್ಬರೂ ಎದ್ದು ಒಳಗೆ ಹೋದೆವು.

ಏಳು ಜನ ಬಂದಿದ್ದರು. ನಾಲ್ವರು ಗಂಡಸರು, ಮೂವರು ಹೆಂಗಸರು, ಎಲ್ಲರದೂ ತೆಳುಬಣ್ಣದ ಬಟ್ಟೆ. ನೆಲಮಾಳಿಗೆಯ ಗೋಡೆಯ ಮೇಲೆ ನಾಲ್ಕು ತಲೆಮಾರಿನ ಯಜಮಾನರ ಪಟಗಳಿಗೆ ದೀಪ ಬಿಟ್ಟಿದ್ದರು. ಮುದುಕಿ ಮುತ್ತಿನ ಸರ ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದಳು. ಯಜಮಾನ ಗಾಜಿನ ಕೊಳವೆಯಲ್ಲಿ ಪೀಪಾಯಿಯಿಂದ ವೈನು ಎಳೆಯುತ್ತ, ನಾಲಿಗೆ ಕಲಿಸಿದರೆ ಬರುವ ವಿದ್ಯೆಯಲ್ಲ, ರಕ್ತದಲ್ಲಿ ಬರಬೇಕು ಎಂದು ವಿವರಿಸುತ್ತಿದ್ದ.

ಮೊದಲ ನಾಲ್ಕು ಪೀಪಾಯಿ ಸರಿಯಾಗೇ ನಡೆಯಿತು. ಅವನು ಉಗಿದ, ನಾನು ಮೂಸಿದೆ, ಬಕೆಟ್ ಬಲಕ್ಕೆ ಬಂತು, ಅಕ್ಕನ ಬಟ್ಟೆ ಬಲ ಹೆಗಲಿಗೆ ಹೋಯಿತು, ಅವನು ಹೊಗಳಿದ. ಎಲ್ಲ ತಿಳಿದೂ ನಾನು ಯಾಕೆ ಸರಿಯಾಗಿ ಹೇಳುತ್ತಿದ್ದೆನೋ ಗೊತ್ತಿಲ್ಲ. ಹೆದರಿಕೆಗೆ ಅಭ್ಯಾಸವಾದ ಮೈ ತಾನೇ ಕೆಲಸ ಮಾಡುತ್ತದೆ. ಏಳು ಜನರ ಉಗುಳು ಸೇರಿ ನನ್ನ ಬಕೆಟ್ ಅರ್ಧ ತುಂಬಿತ್ತು. ಮೇಲೆ ಗುಲಾಬಿ ನೊರೆ, ಅದರಲ್ಲಿ ಯಾರದೋ ಹಲ್ಲಿನಿಂದ ಬಂದ ರೊಟ್ಟಿಯ ಚೂರು.

ಐದನೆಯದಕ್ಕೆ ಗುಂಪಿನಲ್ಲಿ ದೊಡ್ಡವನಂತಿದ್ದ ಬಿಳಿಗಡ್ಡದವನು ಮೂಲೆಯ ಪೀಪಾಯಿ ತೋರಿಸಿದ. ಯಜಮಾನ ಕೊಳವೆ ಇಳಿಸಿ ಎಳೆದ, ಮುಕ್ಕಳಿಸಿ ಅಕ್ಕನ ಬಕೆಟ್ಟಿಗೆ ಉಗಿದ. ಪಕ್ಕದಲ್ಲಿದ್ದ ನನಗೆ ಬಗ್ಗುವ ಅಗತ್ಯವೇ ಬೀಳಲಿಲ್ಲ. ಗೋಣಿಚೀಲದ ಅಡಿಯಲ್ಲಿ ಇಲಿ ಸತ್ತ ವಾಸನೆ, ಮೇಲೆ ಕೊಳೆತ ಹುಳಿ. ಬೇರೆ ಯಾವ ಮೂಗಾದರೂ ಮಾರು ದೂರ ಸರಿಯುತ್ತಿತ್ತು. ಯಜಮಾನ ತುಟಿ ಚಪ್ಪರಿಸುತ್ತ ಅಕ್ಕನ ಹೆಗಲು ನೋಡಿದ.

ನಾನು ಬಕೆಟ್ಟನ್ನು ಎಡ ಸೊಂಟಕ್ಕೆ ಇಟ್ಟೆ. ಅಕ್ಕ ನೋಡಿದಳು. ನೋಡಲಿಲ್ಲ ಎನ್ನುವ ಹಾಗಿಲ್ಲ, ನನ್ನ ಕಣ್ಣಲ್ಲಿ ಕಣ್ಣಿಟ್ಟೇ ನೋಡಿದಳು. ಆಮೇಲೆ ಬಟ್ಟೆಯನ್ನು ಕೊಡವಿ, ಮಡಿಸಿ, ನಿಧಾನವಾಗಿ ಬಲ ಹೆಗಲ ಮೇಲೆ ಹಾಕಿಕೊಂಡಳು.

ಯಜಮಾನ ಅರಳಿಬಿಟ್ಟ. ಇದೇ ನೋಡಿ, ಇದನ್ನೇ ನಿಮಗೆ ಕೊನೆಗೆ ಕೊಡಬೇಕೆಂದಿದ್ದೆ, ನೀವೇ ಹುಡುಕಿದಿರಿ ಎಂದ. ನಮ್ಮಜ್ಜ ಇದ್ದಿದ್ದರೆ ಅತ್ತುಬಿಡುತ್ತಿದ್ದ ಎಂದ. ತಾನೇ ಏಳೂ ಲೋಟಕ್ಕೆ ಸುರಿದ. ನಮ್ಮ ಮನೆತನದಲ್ಲಿ ಇಂಥದ್ದನ್ನು ಕಣ್ಣು ಮುಚ್ಚಿ, ಹತ್ತು ಎಣಿಸುವ ತನಕ ಬಾಯಲ್ಲಿ ಇಟ್ಟುಕೊಳ್ಳುತ್ತೇವೆ, ಆಗಲೇ ಅದು ಮಾತಾಡುವುದು ಎಂದು ಕಲಿಸಿಕೊಟ್ಟ. ಮೊದಲು ತಾನೇ ಕಣ್ಣು ಮುಚ್ಚಿದ. ಒಂದು ಎಂದ.

ದೊಡ್ಡವರ ಮರ್ಯಾದೆ ದೊಡ್ಡವರಿಗೆ. ವಾಸನೆ ಬಡಿದರೂ ಏಳು ಜನವೂ ಕಣ್ಣು ಮುಚ್ಚಿ ಬಾಯಿ ತುಂಬಿಕೊಂಡರು. ಎರಡು ಎನ್ನುವಷ್ಟರಲ್ಲಿ ಕಣ್ಣು ತೆರೆದರು. ಮೂರಕ್ಕೆ ಒಬ್ಬಳ ಹಣೆ ಬೆವರಿತು. ಬಿಳಿಗಡ್ಡದವನು ಕೆನ್ನೆ ಉಬ್ಬಿಸಿಕೊಂಡು ಅಕ್ಕನ ಬಕೆಟ್ಟಿನ ಕಡೆ ಕೈ ಮಾಡಿದ.

ಅಕ್ಕ ಬಕೆಟ್ಟನ್ನು ಪೀಪಾಯಿಯ ಹಿಂದಕ್ಕೆ ತಳ್ಳಿ ಅವನ ಮುಂದೆ ಹೋಗಿ ನಿಂತಳು.

“ಈ ಮನೆ ನಾಲಿಗೆ ಇದು,” ಎಂದು ಪಿಸುದನಿಯಲ್ಲಿ ಹೇಳಿದಳು. ತೊದಲಿದರೂ ಅರ್ಥವಾಯಿತು. “ಇಲ್ಲೀತನಕ ನೀವು ಕುಡಿದಿದ್ದೆಲ್ಲಾ ಇದು ನೋಡಿದ್ದೇ. ನೋಡಿ.”

ನಾಲಿಗೆ ಚಾಚಿದಳು. ದೀಪದ ಬೆಳಕು ನೇರವಾಗಿ ಅದರ ಮೇಲೆ ಬಿತ್ತು. ಎಡ ಅಂಚು ತಿಂದುಹೋಗಿ ಹಳ್ಳವಾಗಿತ್ತು, ಸುತ್ತ ಹೂಕೋಸಿನ ಹಾಗೆ ಉಬ್ಬಿದ ಬಿಳಿ ಮಾಂಸ, ನಡುವೆ ನಾನು ಸುಟ್ಟ ಕಡೆ ಹಸಿರುನೀಲಿ ಬಣ್ಣ. ಅಂಚಿನಿಂದ ಕೀವು ಇಳಿದು ಗಲ್ಲದ ಮೇಲೆ ನಿಂತಿತು. ಅವಳ ಬಾಯಿಯ ನಾತ ಆ ಪೀಪಾಯಿಯ ನಾತವನ್ನೂ ಮೀರಿಸಿತು. ಬಿಳಿಗಡ್ಡದವನ ಕಣ್ಣುಗುಡ್ಡೆಗಳು ಹೊರಗೆ ಬಂದವು. ನಾಲ್ಕು ಎಂದ ಯಜಮಾನ, ಕಣ್ಣು ಮುಚ್ಚಿಕೊಂಡೇ, ರಾಗವಾಗಿ.

ಬಾಗಿಲ ಬಳಿಯಿಂದ ಮುದುಕಿ ಅತಿಥಿಗಳ ಮುಂದೆ ಕೂಗಲಾರದೆ ಹಲ್ಲು ಕಚ್ಚಿ ನನಗೆ ಸನ್ನೆ ಮಾಡುತ್ತಿದ್ದಳು, ಹಿಡಿ, ಬಕೆಟ್ ಹಿಡಿ ಎಂದು. ಆರು ಜೊತೆ ಕಣ್ಣು ನನ್ನ ಕಡೆಗೇ ತಿರುಗಿದ್ದವು. ಇಡೀ ನೆಲಮಾಳಿಗೆಯಲ್ಲಿ ಉಗಿಯಲು ಉಳಿದ ಜಾಗ ನನ್ನ ಸೊಂಟದ ಮೇಲಿತ್ತು.

ನಾನು ಬಕೆಟ್ಟನ್ನು ನೆಲಕ್ಕೆ ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟೆ. ಅಷ್ಟೂ ಎಂಜಲು ನೊರೆಗಟ್ಟಿಕೊಂಡು ಕಲ್ಲಿನ ಮೇಲೆ ಹರಿಯಿತು, ತೆಳುಬಣ್ಣದ ಬೂಟುಗಳ ಸುತ್ತ ಹೋಗಿ ಯಜಮಾನನ ಕಾಲ ಬಳಿ ನಿಂತಿತು. ಆ ಸದ್ದನ್ನು ಅವನು ಅತಿಥಿಗಳು ಉಗಿದ ಸದ್ದೆಂದೇ ತಿಳಿದಿರಬೇಕು, ಮೆಚ್ಚಿಕೆಯಿಂದ ತಲೆದೂಗಿದ. ಮುದುಕಿ ಮೆಟ್ಟಿಲಿಳಿದು ನನ್ನ ಕಡೆ ಬರುತ್ತಿದ್ದಳು, ಸರ ಒಂದು ಕಡೆಗೆ ಜಾರಿತ್ತು. ನಾನು ಏಳಲಿಲ್ಲ.

ಐದು ಎಂದ ಯಜಮಾನ. ಬಿಳಿಗಡ್ಡದವನು ತಡೆಯಲಾರದೆ ನುಂಗಿದ. ಗಂಟಲಿನಿಂದ ಇಳಿದ ಸದ್ದು ನನ್ನ ತನಕ ಕೇಳಿಸಿತು. ಅವನು ನುಂಗುವ ತನಕ ಕಾದ ಅಕ್ಕ, ನಾಲಿಗೆಯನ್ನು ಒಳಗೆಳೆದುಕೊಳ್ಳದೆ, ಎರಡನೆಯವರ ಮುಂದೆ ಹೋಗಿ ನಿಂತಳು.